ಬಂದೆ ಅಂದವನ ಸಹಿ

ಬೇರೆಯವರ ಮಾತನ್ನು ಕನ್ನಡಕ್ಕೆ ತರುವುದು ನನ್ನ ಕಸುಬು. ರಾಮನಗರದ ಒಂದು ಸಣ್ಣ ಸಂಜೆ ಪತ್ರಿಕೆಯಲ್ಲಿ ವಿದೇಶದ ಸುದ್ದಿ ನನ್ನ ಪಾಲಿಗೆ ಬಂದಿದೆ. ಬೆಳಗ್ಗೆ ಏಳಕ್ಕೆ ಕೂತರೆ ಹನ್ನೆರಡಕ್ಕೆ ಪುಟ ಮುಗಿದಿರಬೇಕು. ರೇಷ್ಮೆಗೂಡಿನ ಧಾರಣೆ, ತಾಲ್ಲೂಕು ಆಫೀಸಿನ ಪ್ರಕಟಣೆ, ಯಾರದೋ ಹುಟ್ಟುಹಬ್ಬದ ಜಾಹೀರಾತು ಎಲ್ಲ ತುಂಬಿ ಉಳಿದ ಜಾಗಕ್ಕೆ ಪ್ರಪಂಚವನ್ನು ತುರುಕುತ್ತೇನೆ. ಉಕ್ರೇನಿನ ಯುದ್ಧ ಶುರುವಾದಾಗಿನಿಂದ ಆ ಜಾಗದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತಿದೆ. ಇಷ್ಟು ವರ್ಷ ನಾನು ಬರೆದದ್ದು ಹೆಚ್ಚುಕಡಿಮೆ ಎರಡೇ ವಾಕ್ಯ. ಮಿತ್ರದೇಶಗಳು ಜೊತೆಗಿವೆ ಎನ್ನುವುದು ಒಂದು. ಹೇಗೆ ಜೊತೆಗಿರಬೇಕು ಎಂಬುದನ್ನು ಮುಂದಿನ ಸಭೆಯಲ್ಲಿ ಚರ್ಚಿಸುತ್ತವೆ ಎನ್ನುವುದು ಇನ್ನೊಂದು. ಬರೆದೂ ಬರೆದೂ ನನಗೆ ರೇಜಿಗೆ ಹಿಡಿದಿದೆ.

'ಸೆಕ್ಯುರಿಟಿ ಗ್ಯಾರಂಟಿ' ಎಂಬ ಮಾತು ಸುದ್ದಿಯಲ್ಲಿ ಜೋರಾದ ಕಾಲಕ್ಕೆ ನಾನೊಂದು ಎಡವಟ್ಟು ಮಾಡಿದೆ. ಹೊತ್ತಾಗಿತ್ತು, ಜಾಗವಿರಲಿಲ್ಲ, 'ಉಕ್ರೇನ್‌ಗೆ ಗ್ಯಾರಂಟಿ: ಮಿತ್ರರ ಒಪ್ಪಿಗೆ' ಎಂದು ತಲೆಬರಹ ಕೊಟ್ಟು ಕಳಿಸಿಬಿಟ್ಟೆ. ಬೇರೆ ರಾಜ್ಯದಲ್ಲಾಗಿದ್ದರೆ ಬಚಾವಾಗುತ್ತಿದ್ದೆ. ನಮ್ಮಲ್ಲಿ ಈಗ ಗ್ಯಾರಂಟಿ ಅಂದರೆ ಹೆಂಗಸರಿಗೆ ಪುಕ್ಕಟೆ ಬಸ್ಸು, ಮನೆಯೊಡತಿಯ ಖಾತೆಗೆ ತಿಂಗಳ ದುಡ್ಡು. ಸಂಜೆ ಟೀ ಅಂಗಡಿಗೆ ಹೋದರೆ ಅಂಗಡಿಯವನು ಲೋಟ ಕೈಗೆ ಕೊಡುತ್ತಾ ಕೇಳಿದ: "ಅಲ್ಲೂ ಕೊಟ್ಬುಟ್ರಾ ಸಾರ್? ಬಸ್ಸೂ ಸೇರ್ಕೊಂಡೈತಾ?"

ಮಾರನೆಯ ದಿನ ಸಂಪಾದಕರು 'ಖಾತ್ರಿ' ಅನ್ನಿ ಎಂದರು. ಖಾತ್ರಿ ಅಂದರೆ ನಮ್ಮ ಜನಕ್ಕೆ ಉದ್ಯೋಗ ಖಾತ್ರಿ, ಕೆರೆಯ ಹೂಳೆತ್ತುವ ಕೂಲಿ. ಭರವಸೆ ಎಂದರೆ ಚುನಾವಣೆ. ಜಾಮೀನು ಎಂದರೆ ಜೈಲು. ಅಭಯ ಎನ್ನೋಣವೆಂದರೆ ಅದನ್ನು ಕೊಡಲು ದೇವರೇ ಬರಬೇಕು. ಒಂದು ದೇಶಕ್ಕೆ, ಇನ್ನೊಮ್ಮೆ ನಿನ್ನ ಮೇಲೆ ಯಾರಾದರೂ ಬಿದ್ದರೆ ನಾವು ಬಂದು ನಿಲ್ಲುತ್ತೇವೆ ಎಂದು ಹೇಳಲು ನನ್ನ ಭಾಷೆಯಲ್ಲಿ ಮೈಲಿಗೆಯಾಗದ ಒಂದು ಶಬ್ದ ಉಳಿದಿಲ್ಲವಲ್ಲ ಎಂದು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಕೆಟ್ಟಿರುವುದು ಶಬ್ದವಲ್ಲ, ಅದನ್ನು ಬಾಯಲ್ಲಿಟ್ಟುಕೊಂಡ ನಾವು.

ಇದನ್ನು ನನಗೆ ಕಲಿಸಿದವಳು ನನ್ನ ಅಕ್ಕ.

ಅವಳನ್ನು ಕೊಟ್ಟ ಊರು ಮಾಗಡಿಯಿಂದ ಒಸಿ ಆಚೆ. ನಮ್ಮದು ಹೊಲದ ಜೊತೆಗೆ ಕುರಿ ಸಾಕುವ ಮನೆತನ, ಕೊಟ್ಟ ಮನೆಯೂ ಅಂಥದೇ. ಭಾವ ತೀರಿಕೊಂಡ ಮೇಲೆ ಹೊಲ, ಕುರಿ ಎರಡನ್ನೂ ಅವಳೇ ನೋಡಿಕೊಂಡಳು. ಓದಲು ಬರುವುದಿಲ್ಲ, ಆದರೆ ಪತ್ರಿಕೆ ಬಿಡುವವಳಲ್ಲ. ನಮ್ಮ ಪತ್ರಿಕೆಯ ಕಟ್ಟು ಸಂಜೆ ಬಸ್ಸಿನಲ್ಲಿ ಅವಳೂರಿನ ಅಂಗಡಿಗೆ ಬಂದಿಳಿಯುತ್ತದೆ. ತಮ್ಮ ಬರೆದದ್ದು ಯಾವುದೆಂದು ಅಂಗಡಿಯವನಿಂದ ಓದಿಸಿಕೊಂಡು ಆಮೇಲೆ ನನಗೆ ಫೋನು ಮಾಡುತ್ತಾಳೆ. ಯುದ್ಧ ಶುರುವಾದ ವಾರ ನಾನು ಅವಳಿಗೆ ಅಲ್ಲಿಯ ಚರಿತ್ರೆ, ರಾಜಕಾರಣ ಎಂದೇನೋ ವಿವರಿಸಲು ಹೊರಟೆ. ಅವಳು ಅರ್ಧಕ್ಕೇ ತಡೆದಳು.

"ಪಕ್ಕದೋನು ಬದ ಕಿತ್ತು ಒಳಕ್ಕೆ ಬಂದವ್ನೆ. ಅಷ್ಟೇ ತಾನೆ?"

ಅಷ್ಟೇ ಎಂದೆ.

"ಮಿಕ್ಕೋರು ಏನಂದ್ರು?"

"ಬತ್ತೀವಿ ಅಂದವ್ರೆ ಕಣಕ್ಕ."

"ಬತ್ತೀವಿ ಅಂದ್ರಾ, ಬಂದ್ವಿ ಅಂದ್ರಾ?"

ನಮ್ಮ ಕಡೆಯವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬತ್ತೀನಿ ಅಂದವನು ಬಂದರೂ ಬಂದ, ಇಲ್ಲವಾದರೆ ಇಲ್ಲ. ಬಂದೆ ಅಂದವನು ಮಾತ್ರ ಇನ್ನೂ ಚಪ್ಪಲಿ ಮೆಟ್ಟಿಲ್ಲ ಎಂದೇ ತಿಳಿಯಬೇಕು. ಆಗದೆ ಇರುವುದನ್ನು ಆಗಿಹೋಗಿದೆ ಎಂದು ಹೇಳುವ ಈ ಸೊಗಸನ್ನು ನಾವು ದಿನಕ್ಕೆ ಹತ್ತು ಸಲ ಮಾಡುತ್ತೇವೆ, ಯಾರಿಗೂ ಸುಳ್ಳು ಅನ್ನಿಸುವುದಿಲ್ಲ.

ಮೂವತ್ತು ವರ್ಷದ ಹಿಂದೆ ಆ ದೇಶ ತನ್ನಲ್ಲಿದ್ದ ಅಣ್ವಸ್ತ್ರವನ್ನು ಬಿಟ್ಟುಕೊಟ್ಟ ಕಥೆಯನ್ನೂ ಒಂದು ದಿನ ಅವಳಿಗೆ ಹೇಳಿದೆ. ಅಸ್ತ್ರ ಬಿಟ್ಟುಕೊಡು, ನಿನ್ನ ಗಡಿಗೆ ನಾವು ಕೈಹಾಕುವುದಿಲ್ಲ ಎಂದು ದೊಡ್ಡ ದೇಶಗಳು ಕಾಗದ ಬರೆದುಕೊಟ್ಟಿದ್ದವು, ಅದಕ್ಕೆ ಸಹಿ ಹಾಕಿದವರಲ್ಲಿ ರಷ್ಯಾವೂ ಒಂದು ಎಂದೆ.

"ಮುಚ್ಚಳಿಕೆ ಬರ್ಕೊಟ್ಟಿದ್ದೋನೇ ನುಗ್ಗವ್ನಾ?" ಅಂದಳು. ಅಂದು ನಕ್ಕಳು. ನಗಲು ಅವಳಿಗೆ ಕಾರಣವಿತ್ತು. ಅಂಥದೇ ಒಂದು ಕಾಗದ ಅವಳ ಟ್ರಂಕಿನಲ್ಲಿತ್ತು.

ಅಕ್ಕನ ಹೊಲಕ್ಕೂ ಪಕ್ಕದವನ ಹೊಲಕ್ಕೂ ನಡುವೆ ಒಂದು ಓಣಿ. ಎರಡು ಬದಿಗೂ ಕಳ್ಳಿ ಬೇಲಿ, ನಡುವೆ ಕುರಿ ಸಾಲಾಗಿ ಹೋಗುವಷ್ಟು ಅಗಲ, ಕೊನೆಗೆ ಕಟ್ಟೆಯ ನೀರು. ಅದು ಅಕ್ಕನ ಸರ್ವೆ ನಂಬರಿನೊಳಗೇ ಬರುವ ಜಾಗ. ಆ ಕಡೆ ತೆಂಗಿನ ತೋಟದವರು ತಂತಿ ಹಾಕಿಕೊಂಡಿದ್ದಾರೆ, ಈ ಕಡೆ ಟಾರು ರಸ್ತೆ. ಕುರಿಗೆ ನೀರಿಗಿರುವುದು ಆ ಓಣಿ ಒಂದೇ ದಾರಿ. ಓಣಿ ಹೋದರೆ ಕುರಿ ಹೋದ ಹಾಗೇ.

ಭಾವ ಇರುವವರೆಗೆ ಪಕ್ಕದವನು ತೆಪ್ಪಗಿದ್ದ. ಆಮೇಲೆ ಉಳುವಾಗಲೆಲ್ಲ ಟ್ರ್ಯಾಕ್ಟರನ್ನು ಎರಡು ಸಾಲು ಒಳಕ್ಕೆ ತಿರುಗಿಸತೊಡಗಿದ. ಅಕ್ಕ ಊರವರನ್ನು ಸೇರಿಸಿ ಗಲಾಟೆ ಮಾಡಿ, ಇನ್ನು ಮುಂದೆ ಓಣಿಗೆ ಬರುವುದಿಲ್ಲ ಎಂದು ಅವನಿಂದ ಮುಚ್ಚಳಿಕೆ ಬರೆಸಿಕೊಂಡಳು. ಸ್ಟಾಂಪು ಕಾಗದ, ಅವನ ಸಹಿ, ಸಾಕ್ಷಿ ಸಹಿ ಎಲ್ಲ ಇತ್ತು. ಅದಾದ ಎರಡನೇ ವರ್ಷ ಜೆಸಿಬಿ ತಂದು ಕಳ್ಳಿ ಬೇಲಿಯನ್ನೂ ಗಡಿಯ ಬಾಂದು ಕಲ್ಲನ್ನೂ ಕಿತ್ತು, ಕಲ್ಲನ್ನು ಓಣಿಯ ಈಚೆಗೆ ತಂದು ನೆಟ್ಟ. ಮುಚ್ಚಳಿಕೆ ತೋರಿಸಿದರೆ, ಬರಲ್ಲ ಅಂತ ಬರೆದುಕೊಟ್ಟಿರುವುದು ಓಣಿಗೆ, ಇದು ನನ್ನ ಹೊಲ ಕಣಮ್ಮ ಎಂದ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದನ್ನು ನಾನು ತಲೆಬರಹಕ್ಕೆ ಎಷ್ಟೋ ಸಲ ಬಳಸಿದ್ದೇನೆ. ಅಕ್ಕನ ಬೇಲಿಯಾದರೋ ಎದ್ದು ಮೇಯಲೂ ಉಳಿದಿರಲಿಲ್ಲ.

ಅಕ್ಕ ಹದ್ದುಬಸ್ತಿಗೆ ಅರ್ಜಿ ಹಾಕಿದಳು. ಸರ್ಕಾರದ ಸರ್ವೆಯರ್ ಬಂದು ಅಳೆದು ಗಡಿ ಗುರುತಿಸಿಕೊಡುವ ಕೆಲಸ ಅದು. ನಕ್ಷೆ ಇದ್ದರೂ ಅಳತೆ ಹಿಡಿಯುವುದು ಹಳೆಯ ಕಲ್ಲಿನಿಂದ, ಹಾಗಾಗಿ ಕಲ್ಲು ಮೊದಲು ಎಲ್ಲಿತ್ತು ಎಂದು ಹೇಳಲು ಅಕ್ಕನಲ್ಲದೆ ಬೇರೆ ಸಾಕ್ಷಿ ಬೇಕು. ಊರಿನಲ್ಲಿ ಗೊತ್ತಿದ್ದವರು ಬಾಯಿ ಬಿಡುವಂತಿರಲಿಲ್ಲ, ನಾಳೆ ಉಳುಮೆಗೆ ಅವನ ಟ್ರ್ಯಾಕ್ಟರೇ ಬೇಕಲ್ಲ. ಯುದ್ಧ ತಪ್ಪು ಎನ್ನುತ್ತಲೇ ರಷ್ಯಾದ ಎಣ್ಣೆ ಕೊಳ್ಳುವ ದೇಶಗಳ ಸುದ್ದಿ ಬಂದಾಗಲೆಲ್ಲ ನನಗೆ ಆ ಟ್ರ್ಯಾಕ್ಟರ್ ನೆನಪಾಗುತ್ತದೆ.

ಉಳಿದವನು ನಾನು. ಮಾಗಡಿಯ ಹೈಸ್ಕೂಲಿಗೆ ಹೋಗುವಾಗ ಮೂರು ವರ್ಷ ಅಕ್ಕನ ಮನೆಯಲ್ಲಿದ್ದೆ. ಅವಳ ಕೈಯ ಮುದ್ದೆ ಉಂಡು, ರಜದಲ್ಲಿ ಅದೇ ಓಣಿಯಲ್ಲಿ ಕುರಿ ಹೊಡೆದು, ಹೊಂಗೆ ಮರದ ಬುಡದಲ್ಲಿದ್ದ ಅದೇ ಬಾಂದು ಕಲ್ಲಿನ ಮೇಲೆ ಕೂತು ಪಾಠ ಓದಿದವನು. ಮರ ಈಗಿಲ್ಲ. ಆದರೆ ಅದರ ಬೊಡ್ಡೆ ಮಣ್ಣಿನೊಳಗೆ ಎಲ್ಲಿದೆ ಎಂದು ಕಣ್ಣುಮುಚ್ಚಿ ಕಾಲಿಟ್ಟು ತೋರಿಸಬಲ್ಲೆ. ಅದನ್ನು ತೋರಿಸುವುದಷ್ಟೇ ನನ್ನ ಕೆಲಸವಾಗಿತ್ತು.

ಅಳತೆಗೆ ಎರಡು ವಾರ ಮುಂಚೆ ಅಕ್ಕನ ಮೊಮ್ಮಗನ ಮುಡಿ ತೆಗೆಸಿದ್ದು ಕೆಂಗಲ್ಲಿನ ದೇವಸ್ಥಾನದಲ್ಲಿ. ಬಂಧು ಬಳಗವೆಲ್ಲ ಸೇರಿತ್ತು. ಆಂಜನೇಯನಿಗೆ ಕೈಮುಗಿದು ಬಂದು ಎಲೆಯ ಮುಂದೆ ಕೂತಾಗ ಅಕ್ಕ ವಿಷಯ ತೆಗೆದಳು. ನಾನು ಎಷ್ಟು ಶೃಂಗಸಭೆಗಳ ವರದಿ ಬರೆದಿದ್ದೇನೋ, ಆದರೆ ಕಣ್ಣಾರೆ ಕಂಡದ್ದು ಅದೊಂದೇ. ಕನಕಪುರದ ಚಿಕ್ಕಪ್ಪನ ಮಗ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಒಂದು ಗಾಡಿ ಜನ ತುಂಬ್ಕೊಂಡು ಬತ್ತೀನಿ ಕಣಕ್ಕ, ಅವ್ನೇನು ಮಾಡ್ತಾನೋ ನೋಡವ," ಎಂದ. ಬಿಡದಿಯ ಕಾರ್ಖಾನೆಯಲ್ಲಿರುವ ಅಕ್ಕನ ಅಳಿಯ, "ಲೀವ್ ಹಾಕ್ತೀನಿ ಅತ್ತೆ, ಗ್ಯಾರಂಟಿ," ಎಂದ. ಗ್ಯಾರಂಟಿ ಎಂಬ ಮಾತು ಕೇಳಿ ನಾನು ನಕ್ಕೆ, ತಲೆಬರಹದ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ. ನಗು ಮುಗಿದ ಮೇಲೆ ನಾನೂ ಹೇಳಿದೆ.

"ನಿನ್ನ ಬೆನ್ನಿಗೆ ನಾನಿದ್ದೀನಿ ಕಣಕ್ಕ."

"ಎಲ್ಲಾ ಬೆನ್ನಿಗೇ ನಿಂತ್ಕೊಂಡ್ರೆ ಮುಂದಕ್ಕೆ ಯಾರ್ಲಾ?" ಅಂದಳು ಅಕ್ಕ.

ಅದಕ್ಕೂ ನಕ್ಕೆವು. ಅವಳು ನಗಲಿಲ್ಲ ಎನ್ನುವುದು ನನಗೆ ಈಗ ನೆನಪಾಗುತ್ತದೆ.

ಅಳತೆಯ ದಿನಕ್ಕೆ ನಾನು ರಜ ಬರೆದಿದ್ದೆ. ಎಂಟೂವರೆಯ ಮಾಗಡಿ ಬಸ್ಸು ಹಿಡಿದರೆ ಹತ್ತು ಹತ್ತೂವರೆಗೆ ಹೊಲದಲ್ಲಿರುತ್ತಿದ್ದೆ. ಮಾಗಡಿಗೆ ರೈಲಿಲ್ಲ, ಬಸ್ಸೇ ಗತಿ, ಬೆಳಗಿನ ಬಸ್ಸು ತಪ್ಪಿದರೆ ಆ ಊರಿಗೆ ಹೋಗುವ ಬಸ್ಸು ಮತ್ತೆ ಮಧ್ಯಾಹ್ನದ ಹೊತ್ತಿಗೇ. ಇದೆಲ್ಲ ಗೊತ್ತಿದ್ದೂ ಆರೂವರೆಗೆ ಬಂದ ಸಂಪಾದಕರ ಫೋನಿಗೆ ಹ್ಞೂಂ ಎಂದೆ. ಮಿತ್ರದೇಶಗಳ ಮುಖಂಡರು ಸಭೆ ಮುಗಿಸಿ ಹೇಳಿಕೆ ಕೊಟ್ಟಿದ್ದಾರೆ, ಇದೊಂದನ್ನು ಕನ್ನಡ ಮಾಡಿಕೊಟ್ಟು ಹೋಗಿಬಿಡಿ, ಒಂದೇ ಪ್ಯಾರಾ ಎಂದರು. ನನಗೂ ಚಪಲ. ಈ ಪದಗಳ ಜೊತೆ ಇಷ್ಟು ದಿನ ಗುದ್ದಾಡಿದವನು ನಾನು, ಇನ್ಯಾರೋ ಕೂತು ಕೆಡಿಸುವುದು ಬೇಡ ಅನ್ನಿಸಿತು.

ಒಂದು ಪ್ಯಾರಾ ಇರಲಿಲ್ಲ. ಎರಡು ಪುಟವಿತ್ತು. ಓದುತ್ತಾ ಹೋದರೆ ಅಚಲ, ದೃಢ, ಶಾಶ್ವತ ಎಂಬ ವಿಶೇಷಣಗಳೇ ತುಂಬಿದ್ದವು. ಯಾರು ಎಷ್ಟು ಜನರನ್ನು ಯಾವಾಗ ಕಳಿಸುತ್ತಾರೆ ಎಂದು ಹುಡುಕಿದರೆ, ಸಂದರ್ಭ ನೋಡಿಕೊಂಡು ಸೂಕ್ತವಾದುದನ್ನು ಮಾಡಲಾಗುವುದು ಎಂಬರ್ಥದ ಸಾಲಿನಲ್ಲಿ ಮುಗಿದಿತ್ತು. ನನಗೆ ಉರಿದುಹೋಯಿತು. ಇದನ್ನು ಖಾತ್ರಿ ಎನ್ನಲಾಗದು, ಭರವಸೆ ಎಂದೇ ಬರೆಯಬೇಕು ಎಂದು ನಾನು ಹಟ ಹಿಡಿದೆ. ಮೂಲದಲ್ಲಿ ಗ್ಯಾರಂಟಿ ಎಂದೇ ಇದೆಯಲ್ಲ, ಬದಲಾಯಿಸಲು ನಾವ್ಯಾರು ಎಂದರು ಸಂಪಾದಕರು. ಅದೇ ದೇಶಕ್ಕೆ ಅಸ್ತ್ರ ಬಿಡಿಸಿದಾಗ ಕೊಟ್ಟದ್ದು ಬರೀ ಭರವಸೆ, ಅದನ್ನು ಖಾತ್ರಿ ಎಂದುಕೊಂಡು ಅವರು ಕೆಟ್ಟರು, ಈ ಎರಡರ ನಡುವೆ ಜನ ಸಾಯುತ್ತಿದ್ದಾರೆ ಎಂದು ನಾನು ಮೇಜು ಕುಟ್ಟಿ ವಾದಿಸಿದೆ. ವಾದದಲ್ಲಿ ಗೆದ್ದೆ. ಗೆದ್ದು ಗಡಿಯಾರ ನೋಡಿದರೆ ಒಂಬತ್ತೂ ಮುಕ್ಕಾಲು.

ಹತ್ತಕ್ಕೆ ಅಕ್ಕನ ಫೋನು. "ಸರ್ವೇರು ಬಂದವ್ರೆ ಕಣ್ಲಾ. ಅವ್ನ ಕಡೆಯೋರು ಹತ್ತು ಜನ ಅವ್ರೆ. ಎಲ್ಲಿದ್ದೀಯ?"

"ಬಂದೆ ಕಣಕ್ಕ, ಬಂದೆ," ಎಂದೆ. ಒಂದು ಕೈ ಇನ್ನೂ ಕೀಬೋರ್ಡಿನ ಮೇಲಿತ್ತು.

ಹತ್ತೂವರೆಗೆ ಇನ್ನೊಂದು ಫೋನು. ಆಗ ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕನಕಪುರದವನ ಹೆಂಡತಿಯ ಊರಿನಲ್ಲಿ ಸಾವಾಗಿದೆಯಂತೆ, ಅಳಿಯನಿಗೆ ರಜ ಸಿಗಲಿಲ್ಲವಂತೆ ಎಂದು ಅಕ್ಕ ಹೇಳಿದಳು. ಬೈಯಲಿಲ್ಲ. ನೀನೆಲ್ಲಿದ್ದೀಯ ಎಂದಳು.

"ಮಾಗಡಿ ಹತ್ರ ಬಂದ್ಬುಟ್ಟಿದ್ದೀನಿ."

ಆ ಸುಳ್ಳು ಯಾಕೆ ಹೇಳಿದೆ ಎಂದು ನನ್ನನ್ನು ನಾನೇ ಬೇಕಾದಷ್ಟು ಸಲ ಕೇಳಿಕೊಂಡಿದ್ದೇನೆ. ಇನ್ನೂ ರಾಮನಗರದಲ್ಲಿದ್ದೀನಿ, ಇವತ್ತು ಅಳತೆ ನಿಲ್ಲಿಸು, ಇನ್ನೊಂದು ದಿನಕ್ಕೆ ಅರ್ಜಿ ಕೊಡು ಎಂದಿದ್ದರೆ ಅವಳು ಹಾಗೇ ಮಾಡುತ್ತಿದ್ದಳು. ನಾನು ಹತ್ತಿರ ಬಂದಿದ್ದೇನೆಂದು ನಂಬಿ ಅವಳು ಸರ್ವೆಯರಿಗೆ ಎಳನೀರು ಕೊಡಿಸಿ ಕೂರಿಸಿದಳು. ನನ್ನ ತಮ್ಮ ಪತ್ರಿಕೆಯವನು, ಇನ್ನೇನು ಬಂದ, ಸಾಕ್ಷಿಗೆ ನಿಲ್ಲುವ ಪಂಚರ ಪಟ್ಟಿಯಲ್ಲಿ ಅವನ ಹೆಸರು ಬರೆದುಕೊಳ್ಳಿ ಎಂದಳು. ಅವರು ಬರೆದುಕೊಂಡರು. ಮುಕ್ಕಾಲು ಗಂಟೆ ಕಾದರು. ಆಮೇಲೆ ಇನ್ನೊಂದು ಊರಿಗೆ ಹೋಗಬೇಕಮ್ಮ ಎಂದು ಎದ್ದು, ಕಣ್ಣಿಗೆ ಕಂಡ ಕಲ್ಲಿನಿಂದಲೇ ಅಳತೆ ಶುರು ಮಾಡಿದರು.

ನಾನು ಹೋಗಿ ಇಳಿದಾಗ ಎರಡು ಗಂಟೆಯ ಹತ್ತಿರ. ಪಕ್ಕದವನ ಕಡೆಯವರು ಹುಣಸೆ ಮರದ ನೆರಳಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಸರ್ವೆಯರ್ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿಕೊಂಡಿದ್ದರು. ಅಕ್ಕ ಓಣಿ ಇದ್ದ ಕಡೆ ಒಬ್ಬಳೇ ನಿಂತಿದ್ದಳು, ಹಿಂದೆ ಅವಳ ಕುರಿ. ಅವಳ ಬೆನ್ನಿಗೆ ನಿಂತದ್ದು ಅವು ಮಾತ್ರ.

ನಾನು ಓಡಿಹೋಗಿ, ಕಲ್ಲು ಇಲ್ಲಿರಲಿಲ್ಲ ಸಾರ್, ಆಚೆ ಹೊಂಗೆ ಬೊಡ್ಡೆ ಇದೆ, ಅಗೆದು ತೋರಿಸುತ್ತೇನೆ ಎಂದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಅಳತೆ ಮುಗಿದಿದೆ, ಒಪ್ಪಿಗೆಯಿಲ್ಲದಿದ್ದರೆ ಅಪೀಲು ಹೋಗಿ ಎಂದರು ಅವರು. ಕಾಗದ ನನ್ನ ಕಡೆ ತಿರುಗಿಸಿದರು.

"ನಿಮ್ಮ ಹೆಸರು ಬರ್ದಾಗೈತೆ ಸಾರ್. ನಿಮ್ಮದೊಂದು ಸಹಿ."

ಹೆಸರು ನಿಜವಾಗಿಯೂ ಇತ್ತು. ಮರದಡಿಯ ಹತ್ತು ಜನ ತಿನ್ನುವುದು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಬೆಳಗ್ಗೆಯಿಂದ ತಮ್ಮ ಬತ್ತಾನೆ, ಬತ್ತಾನೆ ಎಂದು ಅವರೆದುರು ಹೇಳಿದ್ದಳು ಅಕ್ಕ. ಸಹಿ ಹಾಕದಿದ್ದರೆ ಅವಳ ಮಾತು ಸುಳ್ಳಾಗುತ್ತದೆ, ಅಷ್ಟಾದರೂ ಅವಳ ಪರ ನಿಂತಂತಾಗಲಿ ಎಂದುಕೊಂಡೆ. ನಾಚಿಕೆಯೂ ಇತ್ತು, ಬೇಗ ಮುಗಿದರೆ ಸಾಕಾಗಿತ್ತು. ಸಹಿ ಹಾಕಿದೆ. ಬೆಳಗ್ಗೆ ಒಂದು ಶಬ್ದಕ್ಕಾಗಿ ಮೇಜು ಕುಟ್ಟಿದವನು ಮಧ್ಯಾಹ್ನ ಹತ್ತು ಸಾಲಿನ ಕಾಗದ ಓದಲಿಲ್ಲ.

"ಉಂಡಿದ್ದೀಯ?" ಎಂದು ಕೇಳಿದಳು ಅಕ್ಕ. ಮನೆಗೆ ಕರೆದುಕೊಂಡು ಹೋಗಿ ಮುದ್ದೆ ಇಟ್ಟಳು.

ಒಂದು ತಿಂಗಳು ಬಿಟ್ಟು ಅಪೀಲಿಗೆಂದು ಮಾಗಡಿಯ ವಕೀಲರ ಹತ್ತಿರ ಹೋದೆವು. ಅವರು ಸರ್ವೆಯ ಕಾಗದದ ನಕಲು ಓದಿ, ಕನ್ನಡಕ ತೆಗೆದು, ನಮ್ಮಿಬ್ಬರನ್ನೂ ನೋಡಿದರು. ಸಹಿಗಳ ಮೇಲಿನ ಸಾಲನ್ನು ಗಟ್ಟಿಯಾಗಿ ಓದಿದರು: ಈ ಕೆಳಗೆ ಸಹಿ ಮಾಡಿರುವವರ ಸಮಕ್ಷಮ ಕಲ್ಲನ್ನು ಗುರುತಿಸಿ ಅಳತೆ ಮಾಡಲಾಗಿದ್ದು, ಯಾರ ತಕರಾರೂ ಇರುವುದಿಲ್ಲ.

"ನಿಮ್ಮಕ್ಕಂದು ಇಲ್ಲಿ ಹೆಬ್ಬೆಟ್ಟಿಲ್ಲ. ಒಪ್ಪಲ್ಲ ಅಂತ ಕೂತವ್ರೆ. ಅದೊಂದೇ ಸಾಕಾಗಿತ್ತು ನಂಗೆ," ಎಂದರು ವಕೀಲರು. "ಈಗ ಎದುರಿನೋರು, ಆಯಮ್ಮನ ಕಡೆಯವರೇ ನಿಂತು, ಕಲ್ಲು ನೋಡಿ, ಸರಿ ಅಂತ ಸಹಿ ಹಾಕವ್ರಲ್ಲ ಅಂತಾರೆ. ಏನ್ ಹೇಳಾನ? ನೀವು ಅಲ್ಲಿರಲಿಲ್ಲ ಅಂತ ಹೇಳೋಕಾಯ್ತದಾ?"

ಅಕ್ಕ ಹೆಬ್ಬೆಟ್ಟು ಒತ್ತಿರಲಿಲ್ಲ. ಹತ್ತು ಜನರೆದುರು ಒಬ್ಬಳೇ ನಿಂತು, ಓದಲು ಬಾರದವಳು, ಒಪ್ಪುವುದಿಲ್ಲ ಎಂದಿದ್ದಳು. ಅದನ್ನು ನನಗೆ ಹೇಳಿಯೂ ಇರಲಿಲ್ಲ. ಅವಳು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ಬಿಡಿಸಿ ಕೊಟ್ಟವನು ಅವಳ ಮಿತ್ರ, ನಾನು.

ಅಪೀಲು ಹಾಕಿದ್ದೇವೆ, ಅದು ಅದರ ಪಾಡಿಗೆ ಬಿದ್ದಿದೆ. ಕುರಿ ಕಾಯುವುದಿಲ್ಲವಲ್ಲ. ಒಂದು ಬೇಸಿಗೆ ಅಕ್ಕ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಕುಡಿಸಿದಳು. ಮಳೆಗಾಲಕ್ಕೆ ಮುಂಚೆ ಮಾರಿಬಿಟ್ಟಳು. ಓಣಿ ಇದ್ದ ಕಡೆ ಈಗ ಪಕ್ಕದವನ ಜೋಳ.

ಕೆಲಸ ಮಾತ್ರ ನಡೆದಿದೆ. ಈಗಲೂ ಸಭೆಗಳು ಆಗುತ್ತವೆ, ಹೇಳಿಕೆಗಳು ಬರುತ್ತವೆ, ನಾನು ಕನ್ನಡಕ್ಕೆ ತರುತ್ತೇನೆ. ಖಾತ್ರಿಯೋ ಭರವಸೆಯೋ ಎಂದು ಈಗ ಯಾರ ಹತ್ತಿರವೂ ಜಗಳವಾಡುವುದಿಲ್ಲ. ಅಕ್ಕನೂ ಪತ್ರಿಕೆ ಓದಿಸಿಕೊಳ್ಳುವುದನ್ನು ಬಿಟ್ಟಿಲ್ಲ. ಹೋದ ವಾರ ಫೋನು ಮಾಡಿದ್ದಳು.

"ಆ ದೇಶಕ್ಕೆ ಯಾರಾದ್ರೂ ಬಂದ್ರೇನ್ಲಾ?"

"ಇನ್ನೂ ಮಾತಾಡ್ತಾವ್ರೆ ಕಣಕ್ಕ. ಯುದ್ಧ ಎಲ್ಲಾ ನಿಂತುಹೋದ ಮೇಲೆ ಬತ್ತಾರಂತೆ. ಬಂದು ಕಾಗದಕ್ಕೆ ಸಹಿ ಹಾಕ್ತಾರಂತೆ."

ಅಕ್ಕ, ನನಗೆ ಹೇಳುತ್ತಿದ್ದಾಳೆ ಎನ್ನುವುದು ಅವಳ ದನಿಯಲ್ಲಿ ಎಲ್ಲೂ ಇರದ ಹಾಗೆ, ಆ ದೇಶದವರ ಮೇಲಿನ ಕನಿಕರದಲ್ಲೇ ಹೇಳಿದಳು.

"ಹಂಗಾರೆ ಬ್ಯಾಡ ಅನ್ನು ಅವ್ರಿಗೆ. ಕೊನೇಗೆ ಬಂದು ಸಹಿ ಹಾಕೋನಿಗಿಂತ ಬರ್ದೇ ಇರೋನೇ ವಾಸಿ."